ಆರಾಮ ಇದ್ದೀರಿ?

"ಆರಾಮ ಇದ್ದೀರೇನವ್ವಾ?" ಕುರ್ಚಿ ತೋರಿಸುತ್ತ ಡಾಕ್ಟರ್ ಲುಂಬಿನಿ ಕೇಳಿದರು.

"ಆರಾಮ ಇದ್ದೀನ್ರಿ ಯವ್ವಾ. ನೀವು ಆರಾಮ?" ಹಣಮವ್ವ ಕುಳಿತು, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಬಾಗಿಲ ಬಳಿ ನಿಂತಿದ್ದ ಸೊಸೆ ಭಾಗ್ಯ ಅತ್ತೆಯ ಬೆನ್ನನ್ನೇ ನೋಡಿದಳು. ಹೋಯಿತು, ಇವತ್ತೂ ಹೋಯಿತು. ತಮ್ಮೂರು ಕೋಡ್ಲಾದಿಂದ ಸೇಡಂ ದವಾಖಾನೆಗೆ ಬಂದಾಗಲೆಲ್ಲ ಆಗುವುದು ಇದೇ. ಮನೆಯಲ್ಲಿ ಬೆರಳು ಮಡಚಲಾಗದೆ ಗೋಳಾಡುವ ಅತ್ತೆ, ಡಾಕ್ಟರ ಮುಂದೆ ಕುಳಿತ ಕೂಡಲೇ ಮದುವೆ ಮನೆಗೆ ಬಂದ ಬೀಗಿತ್ತಿಯಂತಾಗುತ್ತಿದ್ದಳು. ಒಬ್ಬರು 'ಆರಾಮ ಇದ್ದೀರಿ?' ಎಂದು ಕೇಳಿದರೆ 'ಇಲ್ಲ' ಎನ್ನುವುದು, ಅವಳ ಪ್ರಕಾರ, ಕೇಳಿದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅದೂ ಸಾಲದೆಂದು ದವಾಖಾನೆಗೆ ಹೊರಡುವ ದಿನ ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೊಂಡು, ಅಂಗಡಿಯಿಂದ ತಂದ ನೋವಿನ ಗುಳಿಗೆ ನುಂಗಿ, ಇಸ್ತ್ರಿ ಸೀರೆ ಉಟ್ಟು ಬರುತ್ತಿದ್ದಳು. ದೊಡ್ಡವರ ಮುಂದೆ ಸೊಟ್ಟ ಮುಖ ಹೊತ್ತುಕೊಂಡು ಹೋಗುವುದುಂಟೆ? ನೋಡಿದ ಡಾಕ್ಟರು 'ವಯಸ್ಸಾತಲ್ಲವ್ವಾ' ಎಂದು ಶಕ್ತಿ ಗುಳಿಗೆ ಬರೆದು ಕಳಿಸುತ್ತಿದ್ದರು.

ಬರಬರುತ್ತ ಚಹಾದ ಕಪ್ಪು ಹಿಡಿಯಲಿಕ್ಕೂ ಅವಳಿಗೆ ಎರಡು ಅಂಗೈ ಬೇಕಾದವು. ಓಣಿಯಲ್ಲೆಲ್ಲ ತೆಳ್ಳನೆಯ ರೊಟ್ಟಿಗೆ ಹೆಸರಾದವಳು ಒಲೆಯ ಮುಂದೆ ಕೂರುವುದನ್ನೇ ಬಿಟ್ಟಳು. ಪಕ್ಕದ ಮನೆಯ ಅಂಬುಬಾಯಿ ಗೋಡೆಯಾಚೆಯಿಂದ, "ಸೊಸಿ ಬಂದಳಂದ್ರ ಅತ್ತಿ ಕೈಗಿ ಬ್ಯಾನಿ ಬಂದೇ ಬರ್ತದ ಬಿಡು" ಎಂದು ನಕ್ಕಿದ್ದಳು. ಅಂದು ಹಣಮವ್ವ ಉಣ್ಣದೆ ಮಲಗಿದ್ದನ್ನು ಭಾಗ್ಯ ನೋಡಿದ್ದಳು. ಭಾಗ್ಯ ನೋಡುವವಳು, ಆಡುವವಳಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗ ದನಿ ಹೊರಡದೆ, ಕುಳಿತಲ್ಲೇ ಗೈರುಹಾಜರಿ ಹಾಕಿಸಿಕೊಂಡವಳು. ಆ ಶಾಲೆಯೂ ಏಳನೆಯ ತರಗತಿಗೆ ಮುಗಿದಿತ್ತು.

ಡಾಕ್ಟರ್ ಲುಂಬಿನಿ ಬರೆಯಲು ಪೆನ್ನು ಎತ್ತಿಕೊಂಡರು.

"ಆರಾಮ ಇಲ್ರಿ," ಎಂದಿತು ಒಂದು ದನಿ. ಅದು ತನ್ನದೇ ಎಂದು ಭಾಗ್ಯಳಿಗೆ ತಿಳಿದದ್ದು ಅತ್ತೆ ಗಕ್ಕನೆ ತಿರುಗಿ ನೋಡಿದಾಗ.

"ಏನಂದಿ? ಮಂದಿ ಮುಂದ ನನ್ನ ಸುಳ್ಳ ಮಾಡ್ತಿ?"

ಭಾಗ್ಯ ಬಾಗಿಲು ಬಿಟ್ಟು ಮೇಜಿನ ಬಳಿ ಬಂದಳು. ಒಮ್ಮೆ ಹೊರಟ ಮಾತು ನಿಲ್ಲಲಿಲ್ಲ. "ನಮ್ಮತ್ತಿ ಹಾಂಗೇ ಅಂತಾರ್ರಿ ಡಾಕ್ಟರಮ್ಮ. ಪ್ರತಿ ಸಲ ಇದನ್ನ ನುಂಗಿ ಬರ್ತಿದ್ರು." ಕುಪ್ಪಸದೊಳಗಿಂದ ಗುಳಿಗೆಯ ಪಾಕೀಟು ತೆಗೆದು ಮೇಜಿನ ಮೇಲಿಟ್ಟಳು. "ಇವತ್ತ ನಾ ಕೊಟ್ಟಿಲ್ಲ. ಬಿಸಿನೀರೂ ಇಟ್ಟಿಲ್ಲ."

"ಎಲಾ ಕಳ್ಳಿ! ಗುಳಗಿ ತೀರ್ಯಾವ ಅಂದಿದ್ದಿ! ಕಟಗಿ ಹಸಿ ಅವ, ಉರಿ ಹತ್ತವಲ್ದು ಅಂದಿದ್ದಿ!"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಜಗಳ ಆಮ್ಯಾಲ ಮಾಡ್ರಿ. ಅವ್ವಾ, ಸೆರಗಿನ್ಯಾಗಿಂದ ಕೈ ತೆಗೀರಿ. ಮುಷ್ಟಿ ಹಿಡೀರಿ, ನೋಡೋಣ."

ಹಣಮವ್ವ ಸಿಟ್ಟಿನಲ್ಲೇ ಕೈ ಚಾಚಿದಳು. ಮುಷ್ಟಿ ಆಗಲಿಲ್ಲ. ಕಾಣದ ತಂಬಿಗೆಯೊಂದನ್ನು ಹಿಡಿದಂತೆ ಬೆರಳುಗಳು ಅರ್ಧದಲ್ಲೇ ನಿಂತವು. ಗೆಣ್ಣುಗಳು ಊದಿ ಮಿರಮಿರ ಹೊಳೆಯುತ್ತಿದ್ದವು. ಲುಂಬಿನಿಯವರ ನಗು ನಿಂತಿತು. ಒಂದೊಂದೇ ಗೆಣ್ಣನ್ನು ಮೆಲ್ಲಗೆ ಒತ್ತಿ ನೋಡಿದರು.

"ಮುಂಜಾನಿ ಎದ್ದಾಗ ಬಿಗೀತಾವ?"

ಹಣಮವ್ವ ಸೊಸೆಯತ್ತ ನೋಡಿದಳು. ಸೊಸೆ ತಲೆ ತಗ್ಗಿಸಲಿಲ್ಲ.

"ಅಂಗಳಕ್ಕ ಬಿಸಲು ಬರೋತನ ಈ ಕೈ ನನ್ನವಲ್ರಿ," ಎಂದಳು ಹಣಮವ್ವ, ಸಣ್ಣ ದನಿಯಲ್ಲಿ.

"ಮತ್ತ ಆರಾಮ ಅಂದ್ರಿ?"

"ನೀವು ಅಷ್ಟು ಪ್ರೀತಿಲೆ ಕೇಳಿದ್ರಿ. ಇಲ್ಲ ಅಂತ ಹ್ಯಾಂಗ ಅನ್ಲಿ?"

ರಕ್ತ ಪರೀಕ್ಷೆಗೆ ಕಲಬುರಗಿಗೆ ಹೋಯಿತು, ಕೆಲವು ದಿನಕ್ಕೆ ವರದಿ ಬಂತು. ಡಾಕ್ಟರು ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಇದು ಬರೇ ವಯಸ್ಸಿನ ಬ್ಯಾನಿ ಅಲ್ಲವ್ವಾ. ನಿಮ್ಮ ಮೈಯೇ ನಿಮ್ಮ ಕೀಲಿನ ಮ್ಯಾಲ ಏರಿ ಹೋಗ್ಯದ. ಸಂಧಿವಾತ ಅಂತಾರ. ಪೂರಾ ಹೋಗಲ್ಲ. ಆದ್ರ ಔಷಧ ಅದ, ಬಿಡದಂಗ ತಗೊಂಡ್ರ ಕೈ ಉಳೀತಾವ."

"ಅಂದ್ರ ಖರೆ ಬ್ಯಾನಿ?"

"ಖರೆ ಬ್ಯಾನಿ."

ಹಣಮವ್ವನ ಕಣ್ಣು ತುಂಬಿ ಬಂದವು, ಬಾಯಿ ನಗುತ್ತಿತ್ತು. ಬಸ್ಸಿನಲ್ಲಿ ಪಕ್ಕದವಳಿಗೆ, ಹಿಂದಿನವಳಿಗೆ, ಕಂಡಕ್ಟರನಿಗೂ ರೋಗದ ಹೆಸರು ಹೇಳುತ್ತ ಬಂದಳು, ಪರೀಕ್ಷೆ ಪಾಸಾದ ಹುಡುಗಿಯ ಹಾಗೆ. ಕೋಡ್ಲಾದಲ್ಲಿ ಇಳಿದವಳು ತನ್ನ ಮನೆಗೆ ಹೋಗಲಿಲ್ಲ. ನೆಟ್ಟಗೆ ಅಂಬುಬಾಯಿಯ ಬಾಗಿಲಿಗೆ ಹೋಗಿ ನಿಂತು, "ಕೇಳಿಲ್ಲಿ. ನನ್ನ ಬ್ಯಾನಿಗಿ ಹೆಸರದ!" ಎಂದಳು.

ಔಷಧ ಹತ್ತಲು ತಡವಾಯಿತು. ಒಂದು ದಿನ ಕಪ್ಪು ಒಂದೇ ಕೈಯಲ್ಲಿ ಮೇಲೆದ್ದಿತು. ಇನ್ನೊಂದು ದಿನ ಕುಪ್ಪಸದ ಗುಂಡಿ ತಾನೇ ಹಾಕಿಕೊಂಡಳು. ಹೊಸ ಜೋಳದ ರಾಶಿ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ, ಹಣಮವ್ವ ಸೊಸೆಯನ್ನು ಒಲೆಯ ಮುಂದಿನಿಂದ ಸರಿಸಿ ತಾನು ಕುಳಿತಳು. ಟಪ ಟಪ ಟಪ. ಕಿರುಬೆರಳು ಮಾತ್ರ ಇನ್ನೂ ಸೊಟ್ಟಗೇ ಇತ್ತು. ರೊಟ್ಟಿಯ ಅಂಚಿನಲ್ಲಿ ಅದರದೊಂದು ಗುರುತು ಬೀಳುತ್ತಿತ್ತು.

ಸಪ್ಪಳ ಕೇಳಿ ಗೋಡೆಯ ಮೇಲೆ ಅಂಬುಬಾಯಿಯ ತಲೆ ಕಾಣಿಸಿತು. "ಏನ ಹಣಮವ್ವ, ಆರಾಮ ಇದ್ದಿ?"

ಹಣಮವ್ವ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ಕೇಳಬ್ಯಾಡ. ನನ್ನ ಮಾತು ಯಾರು ನಂಬ್ತಾರ? ನನ್ನ ಸೊಸೀನ ಕೇಳು."

ಭಾಗ್ಯ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು, ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ಆರಾಮ ಇದ್ದಾರ್ರೀ!"