ಲಾರಿಯವರ ಹಾಡು

ಅಮೆರಿಕದಲ್ಲಿ ನಾವಿರುವ ಕಾರ್ಮೆಲ್ ವ್ಯಾಲಿಯಲ್ಲಿ ಈಗ ಮಕ್ಕಳಿಗೆಲ್ಲ ಟ್ರಕ್ ಡ್ರೈವರುಗಳ ಕಂಟ್ರಿ ಹಾಡಿನದೇ ಹುಚ್ಚು, ಶಾಲೆಯಿಂದ ಬರುವಾಗ ಕಾರಿನಲ್ಲಿ ಮಗಳು "ಅಮ್ಮಾ, ಲೌಡರ್ ಪ್ಲೀಸ್!" ಎನ್ನುತ್ತಾಳೆ, ನನ್ನ ಮೂಗಿಗೆ ಡೀಸೆಲ್ ವಾಸನೆ ಬಡಿಯುತ್ತದೆ.

ಮೈಸೂರಿನ ಕಾನ್ವೆಂಟಿನಲ್ಲಿ ನಾನಾಗ ಮೂರನೇ ಕ್ಲಾಸು. ಊಟದ ಬೆಲ್ಲಿಗೆ ಮುಂಚೆ, ಹೊಸದಾಗಿ ಬಂದ ಸಿಸ್ಟರ್ ಒಬ್ಬೊಬ್ಬರಿಂದಲೂ ಮನೆಯಲ್ಲಿ ಕಲಿತ ಹಾಡು ಹೇಳಿಸುತ್ತಿದ್ದರು. ಲಾರಿ ಓಡಿಸುವಾಗ ತೂಕಡಿಕೆ ಬರದಿರಲೆಂದು ಅಪ್ಪ ತಾವೇ ಕಟ್ಟಿಕೊಂಡಿದ್ದ ಹಾಡನ್ನು ನಾನು ನಡುವಿನ ಹಾರನ್ನಿನ ಸಮೇತ ಹಾಡಿದೆ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

"ಛೀ, ಲಾರಿಯವರ ಹಾಡು! ಯಾರೇ ಕಲಿಸಿದ್ದು ನಿಂಗೆ?" ಎಂದರು ಸಿಸ್ಟರ್.

ಬಾಗಿಲಲ್ಲಿ ಅಪ್ಪ ನಿಂತಿದ್ದರು. ನಾನು ಮರೆತು ಬಂದಿದ್ದ ಊಟದ ಡಬ್ಬಿಯನ್ನು ಖಾಕಿ ಅಂಗಿಯ ಅಂಚಿನಿಂದ ಒರೆಸುತ್ತಿದ್ದರು. ಹಾಡು ಕೇಳಿ ಅವರ ಮುಖ ಅರಳಿತ್ತು.

ನಾನು ಬೆರಳು ತೋರಿಸಿದೆ. "ಇವನೇ ಸಿಸ್ಟರ್. ನಮ್ಮನೆ ಡ್ರೈವರ್."

ಅಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು, ಎರಡೂ ಕೈಯಿಂದ ಡಬ್ಬಿಯನ್ನು ನನ್ನ ಡೆಸ್ಕಿನ ಮೇಲಿಟ್ಟರು.

"ಮರ್ತು ಬಂದ್ಬಿಟ್ಟಿದ್ರಿ, ಅಮ್ಮಾವ್ರೇ," ಎಂದರು. "ಬಿಸಿ ಐತೆ, ನಿಧಾನಕ್ಕೆ ಊಟ ಮಾಡಿ."