ಇವರಲ್ಲ

“ಮುಖದ ಬಟ್ಟಿ ತಗೀಲೇನ್ರಿ ಅಕ್ಕಾರ?” ಎಂದು ಹವಾಲ್ದಾರ ಅಣವೀರಪ್ಪ ಕೇಳಿದ.

ರಾಜೀವಿ ತಲೆಯಾಡಿಸಿದಳು. ಪರೇಲಿನ ಆಸ್ಪತ್ರೆಯ ಶವಾಗಾರದ ವಾಸನೆ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮಲಾಡಿನಿಂದ ಲೋಕಲ್ ಹಿಡಿದು ಬರುವುದು, ನೋಡುವುದು, “ಇವರಲ್ಲ” ಎನ್ನುವುದು, ಹೊರಗೆ ಬೆಂಚಿನ ಮೇಲೆ ಕುಳಿತು ಎರಡು ಗುಟುಕು ನೀರು ಕುಡಿದು ಮನೆಗೆ ಹೋಗುವುದು. ಒಂದೂವರೆ ವರ್ಷದಿಂದ ಇದೇ ಪಾಡು. ಯಾವ ವೈರಿಗೂ ಬೇಡ.

ಅವಳ ಗಂಡ ದೂಜ ಪೂಜಾರಿ ದಾದರಿನ ಹೋಟೆಲೊಂದರಲ್ಲಿ ಅಡುಗೆಯವನು. ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟವನು ಹೋಟೆಲಿಗೂ ಹೋಗಲಿಲ್ಲ, ಮನೆಗೂ ಮರಳಲಿಲ್ಲ. ಬೆಳೆದ ಗಂಡಸು ಕಾಣೆಯಾದ ಎಂದರೆ ಪೊಲೀಸರಿಗೆ ಮೊದಲು ಬರುವುದು ಆಕಳಿಕೆ. ಹೆಣ್ಣು ಹೋದರೆ ಪ್ರೀತಿ, ಗಂಡು ಹೋದರೆ ಕುಡಿತ; ಠಾಣೆಯಲ್ಲಿ ಇದೊಂದು ಗಾದೆ. ಕನ್ನಡ ಬಲ್ಲವನೆಂದು ಅವಳನ್ನು ಅಕ್ಕಲಕೋಟೆ ಕಡೆಯ ಅಣವೀರಪ್ಪನ ಮೇಜಿಗೆ ದಾಟಿಸಿದ್ದರು. “ಬರ್ತಾನ್ರಿ, ಎಲ್ಲಿ ಹೋಗ್ತಾನ? ಸಣ್ಣ ಕೂಸೇನು?” ಎಂದು ಅವನೂ ಅಂದಿದ್ದ. ದೂರು ಬರೆದುಕೊಂಡ, ಫೋಟೊ ಎಲ್ಲ ಠಾಣೆಗೂ ಕಳಿಸಿದ. ಆಮೇಲೆ ಅವನಿಗೆ ಉಳಿದ ಕೆಲಸ ಒಂದೇ, ಹೆಸರಿಲ್ಲದ ಹೆಣ ಬಂದಾಗಲೆಲ್ಲ ಅವಳಿಗೆ ಫೋನ್ ಮಾಡುವುದು.

ಮೊದಲು ತೋರಿಸಿದ್ದು ಲೋಕಲ್‌ನಿಂದ ಬಿದ್ದು ಮುಖ ಜಜ್ಜಿಹೋಗಿದ್ದ ಯಾರನ್ನೋ. ರಾಜೀವಿ ಅಲ್ಲವೆಂದು ಹೇಳಿ, ಬಾಗಿಲು ದಾಟಿದವಳೇ ಕುಸಿದು ಗೋಳೋ ಎಂದು ಅತ್ತಳು. ಅಣವೀರಪ್ಪನಿಗೆ ಅದು ಹೊಸದಲ್ಲ. ಅಲ್ಲ ಎಂದಾಗಲೇ ಜನ ಹೆಚ್ಚು ಅಳುವುದು, ಅಲ್ಲಿಯವರೆಗೆ ಬಿಗಿಹಿಡಿದಿರುತ್ತಾರಲ್ಲ! ಕೆಲವು ದಿನ ಬಿಟ್ಟು ಮತ್ತೆ ಓಡಿ ಬಂದು, “ಅವರನ್ನು ಇನ್ನೊಮ್ಮೆ ತೋರಿಸಿ ಸಾಹೇಬ್ರೆ, ಎಂಥದೋ ಸಂಶಯ” ಎಂದಳು. ಅದೂ ಹೊಸದಲ್ಲ. ಅಷ್ಟರಲ್ಲಿ ವಾರಸುದಾರರಿಲ್ಲವೆಂದು ಸುಟ್ಟಾಗಿತ್ತು. ಅಂದಿನಿಂದ ಅವಳು ಒಂದು ಕರೆಯನ್ನೂ ತಪ್ಪಿಸಲಿಲ್ಲ. ಮೊಬೈಲಿಗೆ ಫೋಟೊ ಕಳಿಸುತ್ತೇನೆ ಎಂದರೂ ಕೇಳುತ್ತಿರಲಿಲ್ಲ.

“ಒಬ್ಬರಾದರೂ ಬಂದು ನೋಡಬೇಕಲ್ಲ ಮಾರಾಯ್ರೆ” ಎನ್ನುತ್ತಿದ್ದಳು.

ನೆಂಟರ ಬಾಯಿಗೆ ಬೀಗ ಇರಲಿಲ್ಲ. ಗಂಡ ಕಾಣೆಯಾದ ಹೊತ್ತಿಗೆ ಮಗಳು ಶ್ರಾವ್ಯಾಳ ಮದುವೆ ಹತ್ತಿರ ಬಂದಿತ್ತು. ಮುಂದಕ್ಕೆ ಹಾಕು ಎಂದು ಎಲ್ಲರೂ ಹೇಳಿದರು. ವರ ರೋಶನ್ ದುಬೈಗೆ ಮರಳಬೇಕಿತ್ತು, ಅವನ ಮನೆಯವರು ಮೊದಲೇ ಹಿಂದೆಮುಂದೆ ನೋಡುತ್ತಿದ್ದರು. “ಇದು ಶ್ರಾವ್ಯಾಳ ಅಪ್ಪನೇ ನೋಡಿ ಇಟ್ಟ ಮುಹೂರ್ತ. ತಪ್ಪಿಸುವುದಿಲ್ಲ” ಎಂದು ರಾಜೀವಿ ಹಠ ಹಿಡಿದಳು. ಅವಳ ಅಣ್ಣ ಧನರಾಜ್ ಧಾರೆ ಎರೆದ. ಎಂಥ ಕಲ್ಲೆದೆಯ ಹೆಂಗಸಪ್ಪಾ ಎಂದು ಊಟಕ್ಕೆ ಕುಳಿತವರೇ ಆಡಿಕೊಂಡರು.

ಈಗ ಅವಳ ಜೀವ ಹಿಂಡುತ್ತಿದ್ದುದು ಒಂದೇ ವಿಷಯ. ದೂಜನಿಗೆ ಬೊಜ್ಜ ಆಗಿರಲಿಲ್ಲ. ಬೊಜ್ಜವೆಂಬ ಆ ಉತ್ತರಕ್ರಿಯೆ ಕಾಣದ ಜೀವ ಬಾಯಾರಿ ಅಲೆಯುತ್ತದೆ ಎಂದು ನಂಬಿ ಬೆಳೆದವಳು ಅವಳು. ಆ ಮಾತೆತ್ತಿದಾಗ ಧನರಾಜ್ ಗದರಿದ್ದ: “ಬಿಡ್ತು ಅನ್ನು! ಹೆಣ ಸಿಗದೆ ಎಂಥ ಬೊಜ್ಜ? ಬದುಕಿದ್ದರೆ?” ಶ್ರಾವ್ಯಾ ಈಗ ತುಂಬಿದ ಬಸುರಿ. ಫೋನ್ ಮಾಡಿದರೆ ಅವಳ ಮೊದಲ ಮಾತೇ “ಅಮ್ಮಾ, ಅಪ್ಪ ಸಿಕ್ಕಿದ್ರಾ?”

ಅಣವೀರಪ್ಪ ಬಟ್ಟೆ ಸರಿಸಿದ. ಸೊರಗಿದ ಮುಖ, ಬೆಳೆದ ಗಡ್ಡ.

“ಇವರಿಗೆ ಬೇರೆ ಯಾರೂ ಬರಲಿಲ್ವಾ ಸಾಹೇಬ್ರೆ?”

“ಇಲ್ರಿ. ಪೇಪರಿಗೂ ಹಾಕಿದ್ವಿ. ಅವಧಿ ಮುಗದೈತಿ, ನಾಳಿ ಸುಡಬೇಕು.”

“ಸುಡುವಾಗ ಹೆಸರು ಹೇಳುವವರು?”

“ಹೆಸರು ಗೊತ್ತಿದ್ರಲ್ಲೇನ್ರಿ ಹೇಳೋದು?”

ರಾಜೀವಿ ಮುಖವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಕೆದರಿದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸವರಿದಳು.

“ಇವರೇ” ಎಂದಳು.

ಅಣವೀರಪ್ಪ ಬೆಚ್ಚಿದ. “ಸರಿಯಾಗಿ ನೋಡ್ರಿ ಅಕ್ಕಾರ. ಅವಸರ ಬ್ಯಾಡ.”

“ಇಪ್ಪತ್ತೈದು ವರ್ಷ ಬಡಿಸಿದ್ದೇನೆ ಅವರಿಗೆ. ನನ್ನ ಗಂಡ ನನಗೆ ಗೊತ್ತಾಗುವುದಿಲ್ವಾ?”

ಅವನು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡ. “ಇಷ್ಟು ದಿನಾ ಎಲ್ಲಿದ್ದನೋ ಪುಣ್ಯಾತ್ಮ. ಸಿಕ್ಕನಲ್ಲ, ಅಷ್ಟ ಸಾಕು” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಅಂದು ಸಂಜೆಯೊಳಗೆ ಓಡಾಡಿ ಎಲ್ಲ ಕಾಗದ ಮಾಡಿಸಿಕೊಟ್ಟವನೂ ಅವನೇ.

ಮರುದಿನ ಸ್ಮಶಾನದಲ್ಲಿ ಧನರಾಜ್ ಒಮ್ಮೆ ಮುಖ ನೋಡಿ ತಿರುಗಿ ನಿಂತ. “ಭಾವ ಗುರುತೇ ಸಿಗದ ಹಾಗೆ ಆಗಿದ್ದಾರಲ್ಲ, ಎಂಥ ಕಷ್ಟ ಪಟ್ಟರೋ!” ಎಂದು ಬಿಕ್ಕಿದ. ಫೋನಿನಲ್ಲಿ ಶ್ರಾವ್ಯಾ ಬಹಳ ಹೊತ್ತು ಅತ್ತಳು. ಕೊನೆಗೆ, “ಅಪ್ಪ ಬಾರದೆ ನಾನು ಧಾರೆಗೆ ಕೂತೆನಲ್ಲಮ್ಮ, ಆ ಪಾಪ ಸುತ್ತಿಕೊಂಡಿತು” ಎಂದಳು.

“ನಿನಗೆ ಯಾವ ಪಾಪವೂ ಇಲ್ಲ ಮಗಾ. ಇನ್ನು ಅಳಬೇಡ, ಹೊಟ್ಟೆಯ ಕೂಸಿಗೆ ಒಳ್ಳೆಯದಲ್ಲ” ಎಂದು ರಾಜೀವಿ ಫೋನ್ ಇಟ್ಟಳು. ಕ್ರಿಯೆ ಮಾಡಿಸುವವರು ಹೆಸರು ಕೇಳಿದರು. ದೂಜ ಎಂದು ಅವಳೇ ಗಟ್ಟಿಯಾಗಿ ಹೇಳಿದಳು. ಎಲ್ಲರಿಗೂ ಕೇಳಿಸಿತು.

ಬೆಂಕಿ ಹತ್ತಿದಾಗ ಆ ಗುರುತಿಲ್ಲದ ಮನುಷ್ಯನಿಗೆ ಕೈಮುಗಿದು ಕ್ಷಮೆ ಕೇಳಿದಳು. ಮಗಳ ಧಾರೆಗೆ ಮೂರೇ ದಿನ ಇದ್ದಾಗ, ಸೂತಕ ತಗುಲಿ ಮದುವೆ ಮುರಿಯಬಾರದೆಂದು, ಆ ಮೊದಲ ಸಲ ಶವಾಗಾರದಲ್ಲಿ ಅವಳು ಅಲ್ಲ ಎಂದುಬಿಟ್ಟಿದ್ದು ದೂಜನನ್ನೇ ನೋಡಿ.