ಅತ್ತೆಯ ಮಾತು

"ಅಮ್ಮಾ, ಬೂದು ಹಸು ಈಯ್ತು, ಹೆಣ್ಗರು," ಎನ್ನುತ್ತ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ ಕೇಟೆಲ್, ತಾಯಿಯ ಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟ. ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಮಾರೆಟ್ ಮುದುಕಿಯನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಅಡುಗೆಮನೆಗೆ ಬಂದು ಕುಳಿತ. ಹೆಂಡತಿ ಹೈಡ್ರುನ್ ಚಹಾ ಬಗ್ಗಿಸಿದಳು. ಜರ್ಮನಿಯ ಫ್ಯೋರ್ ದ್ವೀಪದ ಆ ಮನೆಯಲ್ಲಿ ತಾಯಿ ಮಗ ಆಡುತ್ತಿದ್ದದ್ದು ಫೆರಿಂಗ್, ದ್ವೀಪದ ಫ್ರಿಸಿಯನ್ನರ ಮಾತು. ಗಂಡ ಹೆಂಡತಿಯ ನಡುವೆ ಮಾತ್ರ ಮೂವತ್ತೊಂದು ವರ್ಷದಿಂದ ಜರ್ಮನ್. ಅವಳು ಸಮುದ್ರದಾಚೆ, ಜರ್ಮನ್ ಆಡುವ ಊರಿನವಳು.

"ಇನ್ನು ಈ ಮನೇಲಿ ಫೆರಿಂಗ್ ಮುಗೀತು," ಎಂದ, ಜರ್ಮನ್‌ನಲ್ಲೇ.

"ನನ್ ಹತ್ರ ಆಡು."

"ನಿಂಗೆಲ್ಲಿ ಬರುತ್ತೆ?"

"ಒಂದ್ಸಲ ಆಡಿದ್ದೆ, ಬಂದ ಹೊಸದ್ರಲ್ಲಿ. ಇದೇ ಮೇಜಿನ ಹತ್ರ ಬೆಣ್ಣೆ ಕೇಳಿದೆ. ತಾಯಿ ಮಗ ಇಬ್ರೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕುಬಿಟ್ರಿ. ಬೆಣ್ಣೆ ಅನ್ನೋಕೆ ಹೋಗಿ ಏನಂದ್ನೋ ಏನೋ, ಅದನ್ನೂ ಹೇಳ್ಲಿಲ್ಲ. ಆಮೇಲೆ ನಾನು ಬಾಯಿ ಬಿಡ್ಲಿಲ್ಲ."

ಕೇಟೆಲ್ ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ನೆನಪಾಗದೇ ಹೋದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಈಗ ಎಷ್ಟು ಬರುತ್ತೆ?"

"ನಿಮ್ಮಮ್ಮ ನಂಗೆ ಹೇಳ್ತಿದ್ದಷ್ಟು."

"ಅಂದ್ರೆ?"

"ಬೈಗುಳ."

ಅವನ ಮೀಸೆಯಂಚು ಅಲುಗಿತು. "ಎಲ್ಲಿ, ಬೈಯಿ ನೋಡೋಣ."

ಹೈಡ್ರುನ್ ಒದ್ದೆ ಕೈ ಒರೆಸಿಕೊಂಡಳು. ಕಿಟಕಿಯತ್ತ ಒಮ್ಮೆ ನೋಡಿದಳು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಫೆರಿಂಗ್‌ನಲ್ಲಿ ಶುರುಮಾಡಿದಳು. "ಸಗಣಿ ಬೂಟು ಹಾಕ್ಕೊಂಡೇ ಒಳಗೆ ನುಗ್ಗಿದ್ಯಲ್ಲ, ಇದೇನು ದನದ ಕೊಟ್ಟಿಗೆ ಅನ್ಕೊಂಡ್ಯಾ? ಗಾಳಿ ಹೊಡೀತಿದೆ, ಬಾಗಿಲು ಹಾಕ್ಬೇಕು ಅನ್ನೋ ಜ್ಞಾನ ಬೇಡ್ವಾ? ನಿಮ್ಮಮ್ಮ ನಿಂಗೆ ಏನೂ ಕಲಿಸ್ಲೇ ಇಲ್ವಾ?"

ಒಂದು ಅಕ್ಷರವೂ ತಪ್ಪಿರಲಿಲ್ಲ. ಕೊನೆಯಲ್ಲಿ ಸ್ವರ ಎಳೆದದ್ದಂತೂ ಥೇಟ್ ಮಾರೆಟ್ ಮುದುಕಿಯದೇ.

ಕೇಟೆಲ್ ತಲೆ ತಗ್ಗಿಸಿದ. ಅವನ ಹೆಗಲು ನಡುಗತೊಡಗಿದ್ದನ್ನು ಕಂಡು ಹೈಡ್ರುನ್ ಗಾಬರಿಯಾಗಿ ಸುಮ್ಮನಾದಳು.

"ನಿಲ್ಲಿಸ್ಬೇಡ," ಎಂದ ಕೇಟೆಲ್.

ಹೆಂಡತಿಯ ಜೊತೆ ಅವನು ಆಡಿದ ಮೊದಲ ಫೆರಿಂಗ್ ಮಾತು ಅದು.